ನ್ಯೂಟ್ರಿನೋ ಬೆನ್ನು ಹತ್ತಿದ ಸಂಸಾರ

ನಾನು ಏನು ಓದುತ್ತಿದ್ದೇನೆ ಎಂದು ಯಾರಾದರೂ ಕೇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಕೇಳಿದವರು ಹೆದರುತ್ತಾರೆ, ಇಲ್ಲವೇ ಮರುಕಪಡುತ್ತಾರೆ, ಇಲ್ಲವೇ ಮಾತು ಬದಲಿಸಿ ಮೀನು ಎಲ್ಲಿ ಫ್ರೆಶ್ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ತಪ್ಪು ಅವರದಲ್ಲ. ಕುವೈತಿನಲ್ಲಿ ಕೂತು, ಮಗಳ ಟಿಫಿನ್ ಕಟ್ಟುತ್ತ, ಸೂರ್ಯನ ನ್ಯೂಟ್ರಿನೋ ಬಗ್ಗೆ ಪಿಎಚ್.ಡಿ. ಮಾಡುವ ಹೆಂಗಸು ಅವರಿಗೆ ದಿನಾ ಸಿಗುವುದಿಲ್ಲ.

ನಾನು ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣ ಸರಿಯಾದ ಜಾಗಕ್ಕೆ, ಸರಿಯಾದ ಪ್ರಮಾಣದಲ್ಲಿ ಹೋಗುತ್ತಿದೆಯೇ ಎಂದು ಅಳೆದು ನೋಡುವುದು ನನ್ನ ಕೆಲಸ. ಊರಿನವರಿಗೆ ಮಾತ್ರ ನಾನು ನರ್ಸ್. ಮಂಗಳೂರು ಕಡೆಯ ಕ್ಯಾಥೊಲಿಕ್ ಹೆಂಗಸು, ಕುವೈತ್, ಆಸ್ಪತ್ರೆ, ಇಷ್ಟು ಸೇರಿದ ಮೇಲೆ ಬೇರೆ ಏನಾಗಲು ಸಾಧ್ಯ? ತಿದ್ದಿ ತಿದ್ದಿ ಸಾಕಾಗಿ ನಾನೂ ಬಿಟ್ಟಿದ್ದೇನೆ.

ಎಂ.ಎಸ್ಸಿ. ಓದುವಾಗಲೇ ನ್ಯೂಟ್ರಿನೋ ಹುಚ್ಚು ಹಿಡಿದಿತ್ತು. ಮದುವೆ, ಕೆಲಸ, ಮಗಳು ಅಂತ ಅದು ಮೂಲೆ ಸೇರಿತು. ನಲವತ್ತು ದಾಟಿದ ಮೇಲೆ ಒಂದು ದಿನ ಊರಿನ ವಿಶ್ವವಿದ್ಯಾಲಯದಲ್ಲಿ ಪಾರ್ಟ್ ಟೈಮ್ ಸಂಶೋಧನೆಗೆ ಹೆಸರು ಬರೆಸಿಬಿಟ್ಟೆ. ದೂರದ ಒಂದು ದೇಶದಲ್ಲಿ, ಬೆಟ್ಟದ ಹೊಟ್ಟೆಯೊಳಗೆ, ಒಂದು ಭಾರೀ ತೊಟ್ಟಿ ಇದೆ. ಅದರ ತುಂಬ ದ್ರವ, ಸುತ್ತ ಬೆಳಕು ಹಿಡಿಯುವ ಕೊಳವೆಗಳು. ಸೂರ್ಯನಿಂದ ಬರುವ ನ್ಯೂಟ್ರಿನೋ ಎಂಬ ಕಣ ಅಪರೂಪಕ್ಕೊಮ್ಮೆ ಆ ದ್ರವಕ್ಕೆ ತಾಗಿದರೆ ಮಿಣುಕ್ ಅಂತ ಒಂದು ಬೆಳಕು. ಆ ಮಿಣುಕುಗಳ ಲೆಕ್ಕ ನನ್ನ ಲ್ಯಾಪ್‌ಟಾಪಿಗೆ ಬರುತ್ತದೆ, ಅದನ್ನು ಸೋಸಿ ನೋಡುವುದು ನನ್ನ ಪಾಲಿನ ಕೆಲಸ. "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದವರಿಗೆಲ್ಲ ನನ್ನದು ಒಂದೇ ಉತ್ತರ: "ಶುರು ಮಾಡಿಯಾಗಿದೆ, ಮುಗಿಸದೆ ಬಿಡುವುದಿಲ್ಲ."

೧. ಅತ್ತೆಯ ಮೊಣಕಾಲು

ಆ ವರ್ಷ ಅತ್ತೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ನಾನು ರಜೆಯ ದಿನವೂ ಲ್ಯಾಪ್‌ಟಾಪ್ ಮುಂದೆ ಕೂತದ್ದನ್ನು ನೋಡಿ ಒಂದು ಮಧ್ಯಾಹ್ನ ಕೇಳಿದರು: "ಎಂತದು ಮಾರಾಯ್ತಿ, ಅಷ್ಟು ನೋಡುವುದು?"

"ಸೂರ್ಯನ ಹೊಟ್ಟೆಯಿಂದ ಹೊರಡುವ ಕಣಗಳು, ಮಾಂಯ್," ಎಂದೆ. ಅತ್ತೆಯನ್ನು ನಾವು ಕೊಂಕಣಿಯಲ್ಲಿ ಮಾಂಯ್ ಅನ್ನುವುದು. "ಗೋಡೆ, ಕಬ್ಬಿಣ, ಭೂಮಿ, ಯಾವುದೂ ಅವಕ್ಕೆ ಅಡ್ಡ ಬರುವುದಿಲ್ಲ. ಈಗಲೂ ನಿಮ್ಮ ಮೈಯೊಳಗಿಂದ ಕೋಟಿಗಟ್ಟಲೆ ಹಾದು ಹೋಗುತ್ತಿವೆ."

ಅತ್ತೆ ಸೆರಗು ಎಳೆದುಕೊಂಡರು. "ಈಗಲೂ?"

"ಈಗಲೂ."

"ಕತ್ತಲಾದ ಮೇಲೆ?"

"ಆಗಲೂ. ಸೂರ್ಯ ಭೂಮಿಯ ಆಚೆ ಬದಿಯಲ್ಲಿರುತ್ತಾನಲ್ಲ, ಆವಾಗ ಅಡಿಯಿಂದ ಬರುತ್ತವೆ. ನಿಮ್ಮ ಮಂಚದ ಕೆಳಗಿಂದ."

ಈ ಕೊನೆಯ ಮಾತು ಹೇಳಬಾರದಿತ್ತು. ಮರುದಿನ ನೋಡಿದರೆ ಅವರ ಹಾಸಿಗೆಯ ಕೆಳಗೆ ಮನೆಯಲ್ಲಿದ್ದ ಕಂಬಳಿಗಳೆಲ್ಲ ಸೇರಿದ್ದವು, ಮಂಚದ ಅಡಿಗೆ ತೀರ್ಥದ ಬಾಟಲಿ. ಅದೂ ಸಾಲದೆ, ವರ್ಷಗಳಿಂದ ಇದ್ದ ಮೊಣಕಾಲು ನೋವಿಗೆ ಕಾರಣ ಈಗ ಅವರಿಗೆ ಗೊತ್ತಾಗಿಬಿಟ್ಟಿತ್ತು. "ಕೋಟಿಗಟ್ಟಲೆ ಹೋಗುವಾಗ ಒಂದೆರಡು ಮೂಳೆಗೆ ತಾಗದೆ ಇರುತ್ತದಾ?"

ಇಲ್ಲ ಮಾಂಯ್ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ನಮ್ಮ ಕರಾವಳಿಯವರೇ. ಅತ್ತೆ ಕುರ್ಚಿಯಲ್ಲಿ ಕೂತವರೇ ಸೂರ್ಯ, ಮಂಚ, ಮೊಣಕಾಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಕಲಿತವಳು ನನ್ನ ಸೊಸೆ, ಅವಳೇ ಹೇಳಿದ್ದು" ಎಂದು ನನ್ನ ಕಡೆ ಬೆರಳು ತೋರಿಸಿದರು.

ಡಾಕ್ಟರು ನನ್ನನ್ನೊಮ್ಮೆ ನೋಡಿ, ರಕ್ತ ಪರೀಕ್ಷೆಗೆ ಬರೆದರು. ಎರಡು ದಿನ ಬಿಟ್ಟು ರಿಪೋರ್ಟ್ ಹಿಡಿದು ಅತ್ತೆಗೆ ಹೇಳಿದರು: "ಅಮ್ಮಾ, ಸೂರ್ಯನಿಂದ ಕೋಟಿಗಟ್ಟಲೆ ಒಳಗೆ ಬರುತ್ತಿದೆ ಅಂತೀರಿ. ಬರಬೇಕಾದ ಒಂದೇ ಒಂದು ವಿಟಮಿನ್ ಡಿ ಮಾತ್ರ ಬಂದೇ ಇಲ್ಲವಲ್ಲ!"

೨. ಕಾಣೆಯಾದವರಿಗಾಗಿ ಪ್ರಾರ್ಥನೆ

ನಮ್ಮ ಕಡೆಯ ಕೆಲವು ಕುಟುಂಬಗಳು ಸೇರಿ ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಮಾಡುತ್ತೇವೆ. ಅದನ್ನು ನಡೆಸುವ ಆಂಟಿಗೆ ಯಾರೂ ತಪ್ಪಿಸಬಾರದು. ನಾನು ಸಾಲಾಗಿ ಕೆಲವು ವಾರ ತಪ್ಪಿಸಿದೆ. ಆಂಟಿ ಫೋನ್ ಮಾಡಿದರು. ನಾನು ಆಗ ಲಿಫ್ಟಿನಲ್ಲಿದ್ದೆ, ಮಾತು ತುಂಡು ತುಂಡಾಗಿ ಕೇಳುತ್ತಿತ್ತು.

"ಕೆಲಸ ತುಂಬ ಆಂಟಿ," ಎಂದೆ. "ಹೊರಟದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಬಂದು ಸೇರಿದ್ದು. ಉಳಿದದ್ದು ದಾರಿಯಲ್ಲಿ ಎಲ್ಲಿ ಹೋಯಿತು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅದರ ಕತೆಯನ್ನೇ ಈಗ ಬರೆಯುತ್ತಿದ್ದೇನೆ."

ನಾನು ಹೇಳಿದ್ದು ನನ್ನ ಪ್ರಬಂಧದ ಮೊದಲ ಅಧ್ಯಾಯದ ವಿಷಯ. ಸೂರ್ಯನಿಂದ ಎಷ್ಟು ನ್ಯೂಟ್ರಿನೋ ಬರಬೇಕು ಎಂದು ಲೆಕ್ಕ ಹಾಕಿದ್ದರೋ ಅದರಲ್ಲಿ ಮೂರನೇ ಒಂದು ಪಾಲು ಮಾತ್ರ ಹಿಂದಿನ ಕಾಲದ ಉಪಕರಣಗಳಿಗೆ ಸಿಕ್ಕಿತ್ತು. ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಆಂಟಿ ಆ ಕಡೆಯಿಂದ, "ಅಯ್ಯೋ ದೇವರೇ!" ಎಂದು ಫೋನ್ ಇಟ್ಟರು.

ಆ ವಾರ ಹೋದೆ. ಜಪಸರ ಮುಗಿಯಿತು. ಆಂಟಿ ಎದ್ದು ನಿಂತು, ಕಣ್ಣು ಮುಚ್ಚಿ ಹೇಳಿದರು: "ದೂರದಿಂದ ಹೊರಟು, ದಾರಿಯಲ್ಲಿ ಕಾಣೆಯಾಗಿ, ಇನ್ನೂ ಬಂದು ಸೇರದ ನಮ್ಮ ಸಹೋದರಿಯ ಬಂಧುಗಳಿಗಾಗಿ ಪ್ರಾರ್ಥಿಸೋಣ." ಎಲ್ಲರೂ ಭಕ್ತಿಯಿಂದ ದನಿಗೂಡಿಸಿದರು. ನಾನೂ ಗಟ್ಟಿಯಾಗಿ ದನಿಗೂಡಿಸಿದೆ. ಯಾರೋ ಪಾಪದವರು ಅಂದುಕೊಂಡೆ.

ಪ್ರಾರ್ಥನೆ ಮುಗಿದದ್ದೇ, ಸಮಾಜ ಸೇವೆ ಮಾಡುವ ಒಬ್ಬರು ಪಕ್ಕಕ್ಕೆ ಬಂದು ಕೂತರು. "ಒಟ್ಟು ಎಷ್ಟು ಜನ? ಪಾಸ್‌ಪೋರ್ಟ್ ಕಾಪಿ ಇದೆಯಾ? ನನಗೆ ಎಂಬಸಿಯಲ್ಲಿ ಪರಿಚಯ ಇದೆ."

ಆಗ ಹೊಳೆಯಿತು. ಎದ್ದು ನಿಂತು ಎಲ್ಲರಿಗೂ ವಿವರಿಸಿದೆ. "ಅವರು ಜನರಲ್ಲ, ಕಣಗಳು. ಮತ್ತೆ ಅವು ಕಾಣೆಯಾಗಿಯೂ ಇರಲಿಲ್ಲ. ದಾರಿಯಲ್ಲಿ ಬೇರೆ ಜಾತಿಯ ನ್ಯೂಟ್ರಿನೋ ಆಗಿ ಬದಲಾಗಿದ್ದವು. ಹಳೆಯ ಉಪಕರಣಗಳಿಗೆ ಆ ಜಾತಿ ಗುರುತಿಸಲು ಬರುತ್ತಿರಲಿಲ್ಲ. ಈಗ ಎಲ್ಲ ಸಿಕ್ಕಿವೆ."

ಆಂಟಿಗೆ ನಾಚಿಕೆಯಾಯಿತೋ ಏನೋ ಎಂದು ನನಗೆ ಕಸಿವಿಸಿ. ಆಂಟಿ ಎರಡೂ ಕೈ ಮೇಲೆತ್ತಿದರು.

"ನೋಡಿದಿರಾ! ಪ್ರಾರ್ಥನೆ ಮಾಡಿ ಐದು ನಿಮಿಷ ಆಗಿಲ್ಲ, ಎಲ್ಲ ಸಿಕ್ಕಿದವು!"

೩. ಎ.ಸಿ. ಮೆಕ್ಯಾನಿಕ್

ಜೂನ್ ತಿಂಗಳಲ್ಲಿ ಬೆಡ್‌ರೂಮಿನ ಎ.ಸಿ. ಕೆಟ್ಟಿತು. ಕುವೈತಿನಲ್ಲಿ ಜೂನ್ ತಿಂಗಳಲ್ಲಿ ಎ.ಸಿ. ಕೆಟ್ಟರೆ ಮೆಕ್ಯಾನಿಕ್ ಬರುವ ತನಕ ಫ್ರಿಜ್ಜಿನ ಬಾಗಿಲು ತೆಗೆದು ನಿಲ್ಲುವುದೊಂದೇ ದಾರಿ. ಸಬ್ಹಾನಿನ ಒಂದು ಕಂಪೆನಿಯಿಂದ ಬಂದವನು ಬಂಟ್ವಾಳ ಕಡೆಯ ಬ್ಯಾರಿ ಹುಡುಗ. ಏಣಿ ಹತ್ತಿದವನ ಕಣ್ಣು ಗೋಡೆಗೆ ಅಂಟಿಸಿದ್ದ ನನ್ನ ಗ್ರಾಫಿನ ಮೇಲೆ ಬಿತ್ತು.

"ಇದೆಂತ ಮೇಡಂ, ಕ್ರಿಕೆಟ್ ಸ್ಕೋರಾ?"

ಗ್ರಾಫ್ ಬಗ್ಗೆ ತಾನಾಗಿ ಕೇಳಿದವನು ಅವನೊಬ್ಬನೇ. ನನಗೆ ಉತ್ಸಾಹ ಬಂದುಬಿಟ್ಟಿತು. ನ್ಯೂಟ್ರಿನೋ ಒಂದು ಜಾತಿಯಾಗಿ ಹೊರಟು ಇನ್ನೊಂದು ಜಾತಿಯಾಗಿ ಬರುವುದನ್ನು ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕು ಎಂದು ಹಟ ಹಿಡಿದೆ.

"ಈಗ ಒಬ್ಬ ಮನೆ ಕೆಲಸದ ವೀಸಾದಲ್ಲಿ ಬರುತ್ತಾನೆ ಅಂತ ಇಟ್ಟುಕೊಳ್ಳಿ," ಎಂದೆ. "ಎಣಿಸಲು ಕೂತ ಆಫೀಸರಿಗೆ ಮನೆ ಕೆಲಸದವರು ಮಾತ್ರ ಕಾಣುವುದು. ಆದರೆ ಇವನು ದಾರಿಯಲ್ಲಿ ಬೇರೆ ಕೆಲಸದವನೇ ಆಗಿಬಿಟ್ಟ. ಆಫೀಸರ್ ಎಷ್ಟು ಹುಡುಕಿದರೂ ಇವನು ಸಿಗುವುದಿಲ್ಲ. 'ಕಾಣೆಯಾದ' ಅಂತ ಬರೆದುಕೊಳ್ಳುತ್ತಾನೆ. ನಿಜವಾಗಿ ಇವನು ಎಲ್ಲಿಗೂ ಹೋಗಿಲ್ಲ. ಇಲ್ಲೇ ಇದ್ದಾನೆ, ಬೇರೆ ಕಂಪೆನಿಯಲ್ಲಿ, ಆರಾಮವಾಗಿ ಎ.ಸಿ. ರಿಪೇರಿ ಮಾಡಿಕೊಂಡು!"

ಎ.ಸಿ. ರಿಪೇರಿ ಎಂದದ್ದು ಎದುರಿಗೆ ಕಂಡದ್ದನ್ನು ಹೇಳಿದ್ದಷ್ಟೆ. ಸ್ಕ್ರೂಡ್ರೈವರಿನ ಸದ್ದು ನಿಂತಿತು. ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದ. ಕೋಣೆಯ ಬಾಗಿಲು ತೆರೆದಿದೆಯಾ ಎಂದು ನೋಡಿದ. ದನಿ ತಗ್ಗಿಸಿದ.

"ಮೇಡಂ, ಇದು ನಿಮಗೆ ಯಾರು ಹೇಳಿದ್ದು?"

"ಯಾರು ಹೇಳುವುದೆಂತದು? ಸೂರ್ಯನಿಂದ ಬರುವ ಮಾಹಿತಿ ನೋಡಿ ಗೊತ್ತಾದದ್ದು."

"ಸೂರ್ಯ ಅಂದರೆ ಯಾರು? ನಮ್ಮ ಕಂಪೆನಿಯ ಸೂರ್ಯಣ್ಣನಾ?"

ನಾನು ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸುವಷ್ಟರಲ್ಲಿ ಅವನು ಕೈ ಮುಗಿದಿದ್ದ. "ವೀಸಾ ಕೊಟ್ಟ ಕಫೀಲನ ಹತ್ತಿರ ಮಾತಾಡಿಯಾಗಿದೆ ಮೇಡಂ. ಮುಂದಿನ ತಿಂಗಳು ಕಂಪೆನಿಗೆ ವೀಸಾ ಟ್ರಾನ್ಸ್‌ಫರ್, ಖಲಾಸ್. ಅಲ್ಲಿ ತನಕ ಆ ಸೂರ್ಯನಿಗೆ ಸ್ವಲ್ಪ ಬಾಯಿ ಮುಚ್ಚಿಕೊಂಡು ಇರಲು ಹೇಳಿ."

ಎ.ಸಿ. ಮಾತ್ರ ಹೊಸದರ ಹಾಗೆ ಮಾಡಿಕೊಟ್ಟು ಹೋದ. ಇವತ್ತಿಗೂ ಕೆಟ್ಟಿಲ್ಲ.

೪. ಸಿರ್ದಾಬಿನಲ್ಲಿ ಎಣ್ಣೆ

ಸೂರ್ಯನನ್ನು ನೋಡಲು ನೆಲದಡಿಗೆ ಯಾಕೆ ಹೋಗಬೇಕು ಎಂದು ಎಲ್ಲರೂ ಕೇಳುತ್ತಾರೆ. ಆಕಾಶದಿಂದ ಬೇರೆ ಬೇರೆ ಕಣಗಳು ಸದಾ ಮಳೆಯ ಹಾಗೆ ಸುರಿಯುತ್ತಿರುತ್ತವೆ. ಆ ಗಲಾಟೆಯಲ್ಲಿ ನ್ಯೂಟ್ರಿನೋದ ಮಿಣುಕು ಗೊತ್ತೇ ಆಗುವುದಿಲ್ಲ. ಮೇಲೆ ಒಂದು ಬೆಟ್ಟವಿದ್ದರೆ ಗಲಾಟೆ ಅಲ್ಲೇ ನಿಲ್ಲುತ್ತದೆ, ನ್ಯೂಟ್ರಿನೋ ಒಂದೇ ಕೆಳಗೆ ಇಳಿಯುತ್ತದೆ. ಇಷ್ಟೇ ಗುಟ್ಟು.

ನನ್ನ ಗೈಡ್ ಊರಿನಲ್ಲಿರುವ ಪ್ರೊಫೆಸರ್, ಮಾತು ಕಮ್ಮಿ, ಕೆಲಸ ಜಾಸ್ತಿ. "ಮೊದಲು ಗಲಾಟೆ ಅಂದರೆ ಏನು ಅಂತ ಕೈಯಾರೆ ಅಳೆದು ಕಲಿ," ಎಂದು ಎರಡು ಸಣ್ಣ ಉಪಕರಣ ಕೊಟ್ಟರು. ಕಣ ತಾಗಿದರೆ ಬೆಳಗುವ ಪ್ಲಾಸ್ಟಿಕ್ ಹಲಗೆ, ಅದಕ್ಕೊಂದು ಬೆಳಕು ಹಿಡಿಯುವ ಕೊಳವೆ, ಹೊರಗಿನ ಬೆಳಕು ನುಸುಳದಂತೆ ಸುತ್ತಲೂ ಕಪ್ಪು ಟೇಪು. ಒಂದನ್ನು ತಾರಸಿಯಲ್ಲಿಟ್ಟೆ. ಇನ್ನೊಂದಕ್ಕೆ ನಮ್ಮ ಕಟ್ಟಡದ ಸಿರ್ದಾಬ್, ಅಂದರೆ ನೆಲಮಾಳಿಗೆ, ಅಲ್ಲಿನ ಕಾರ್ ಪಾರ್ಕಿಂಗಿನ ಒಂದು ಮೂಲೆ. ಕಟ್ಟಡ ಕಾಯುವ ಈಜಿಪ್ಟಿನವನಿಗೆ, "ನೆಲದಡಿ ಒಂದು ಪರೀಕ್ಷೆ ಮಾಡುತ್ತಿದ್ದೇನೆ," ಎಂದು ಹೇಳಿ ಒಪ್ಪಿಸಿದೆ.

ಮರುದಿನವೇ ಕಟ್ಟಡದ ಮಾಲೀಕರು ಓಡಿ ಬಂದರು. ಕುವೈತಿ, ವಯಸ್ಸಾದವರು, ನನ್ನ ಹತ್ತಿರ ಅರ್ಧ ಹಿಂದಿ ಅರ್ಧ ಅರಬಿ ಮಾತಾಡುತ್ತಾರೆ. ಕುವೈತಿನಲ್ಲಿ ನೆಲದಡಿ ಪರೀಕ್ಷೆ ಎಂದರೆ ಯಾರಿಗಾದರೂ ಒಂದೇ ಅರ್ಥ.

"ಸಿಸ್ಟರ್, ಎಣ್ಣೆ ಸಿಕ್ಕಿತಾ?"

"ಇಲ್ಲ ಬಾಬಾ, ನಾನು ಹುಡುಕುವುದು ಎಣ್ಣೆಯಲ್ಲ."

"ಸಿಕ್ಕಿದರೆ ಯಾರಿಗೂ ಹೇಳಬೇಡ," ಎಂದರು. ಅವರ ಮುಖದಲ್ಲಿ ಆಸೆಯಲ್ಲ, ಭಯ. "ಎಣ್ಣೆ ಸಿಕ್ಕಿದರೆ ಸರ್ಕಾರ ಜಾಗ ತೆಗೆದುಕೊಳ್ಳುತ್ತದೆ. ಇದು ನಾನು ಕಷ್ಟಪಟ್ಟು ಕಟ್ಟಿಸಿದ ಬಿಲ್ಡಿಂಗ್. ನಿನ್ನ ಮಿಷಿನ್ ಇರಲಿ, ಆದರೆ ಏನೂ ಸಿಗಬಾರದು."

ನನಗೂ ಬೇಕಾದದ್ದು ಅದೇ. ತಾರಸಿಯಲ್ಲಿ ಜಾಸ್ತಿ ಸಿಗಬೇಕು, ಸಿರ್ದಾಬಿನಲ್ಲಿ ಕಮ್ಮಿ. ಅಂದಿನಿಂದ ಅವರು ಬಾಡಿಗೆದಾರರನ್ನು ನೋಡಲು ಬಂದಾಗಲೆಲ್ಲ ಲಿಫ್ಟಿನಲ್ಲಿ ನಮ್ಮ ಮಾತು ಇಷ್ಟೇ.

"ಸಿಸ್ಟರ್, ಏನಾದರೂ?"

"ಕಮ್ಮಿ ಆಗುತ್ತಿದೆ, ಬಾಬಾ."

"ಅಲ್‌ಹಮ್ದುಲಿಲ್ಲಾ!"

ನನ್ನ ಸಂಶೋಧನೆಯಲ್ಲಿ ಏನೂ ಸಿಗಲಿಲ್ಲ ಎಂದಾಗ ದೇವರಿಗೆ ಕೃತಜ್ಞತೆ ಹೇಳಿದವರು ಅವರೊಬ್ಬರೇ.

೫. ಶುಕ್ರವಾರ ರಜೆ

ಸಿರ್ದಾಬಿನ ಉಪಕರಣ ಕೆಲವು ವಾರ ಒಳ್ಳೆಯ ಮಗುವಿನ ಹಾಗೆ ಎಣಿಸುತ್ತಿತ್ತು. ಆಮೇಲೊಂದು ದಿನ ಗ್ರಾಫ್ ಎಳೆದು ನೋಡಿ, ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಎಣಿಕೆ ಬೆಳಿಗ್ಗೆ ಒಮ್ಮೆ ಗಕ್ಕನೆ ಏರುತ್ತದೆ, ಇಳಿಯುತ್ತದೆ. ಸಂಜೆ ಮತ್ತೆ ಏರುತ್ತದೆ. ಮರುದಿನವೂ ಹಾಗೆಯೇ. ಸೂರ್ಯ ಹುಟ್ಟುವಾಗ, ಮುಳುಗುವಾಗ! ಯಾರೂ ಕಾಣದ್ದನ್ನು ನಾನು ಕಂಡುಬಿಟ್ಟೆ ಅನಿಸಿತು.

ಕೇಬಲ್ ಬದಲಾಯಿಸಿದೆ. ಏರಿತು. ಕರೆಂಟಿನ ಪ್ಲಗ್ ಬದಲಾಯಿಸಿದೆ. ಆಗಲೂ ಏರಿತು. ಪ್ರೋಗ್ರಾಮನ್ನು ಮೊದಲಿನಿಂದ ಹೊಸದಾಗಿ ಬರೆದೆ. ಊಹೂಂ, ಏರುವುದೇ. ಗಂಡನಿಗೆ, "ಏನೋ ದೊಡ್ಡದು ಸಿಕ್ಕಿದೆ, ಯಾರಿಗೂ ಹೇಳಬೇಡಿ," ಎಂದೆ. ಅವರು ಮಿರ್ಕಾಬಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವರು. "ಹೇಳಲು ನನಗೆ ಅರ್ಥ ಆಗಬೇಕಲ್ಲ," ಎಂದರು.

ಪೂರ್ತಿ ತಿಂಗಳಿನ ಗ್ರಾಫನ್ನು ಗೈಡಿಗೆ ಕಳಿಸಿ, ಫೋನ್ ಹಿಡಿದು ಕೂತೆ. ಆ ಕಡೆ ಕಾಗದ ಸರಿಸುವ ಸದ್ದು. ಅವರಿಗೂ ಆಶ್ಚರ್ಯವಾಗಿರಬೇಕು ಎಂದುಕೊಂಡೆ.

"ಏನಮ್ಮಾ," ಎಂದರು ಕೊನೆಗೆ, "ಕುವೈತಿನ ಸೂರ್ಯನಿಗೆ ಶುಕ್ರವಾರ, ಶನಿವಾರ ರಜೆಯಾ?"

ನೋಡಿದೆ. ಹೌದು. ಪ್ರತಿ ಶುಕ್ರವಾರ, ಶನಿವಾರ ಗ್ರಾಫ್ ಮಲಗಿದೆ. ನಮ್ಮ ಆಫೀಸುಗಳ ವಾರದ ರಜೆ!

ಕೆಳಗೆ ಓಡಿದೆ. ಕಾವಲುಗಾರ ತನ್ನ ಒಡೆದ ನೀರಿನ ಪೈಪಿಗೆ ಸುತ್ತಲು ನನ್ನ ಉಪಕರಣದಿಂದ ಒಂದು ಮೊಳ ಕಪ್ಪು ಟೇಪು ಕಿತ್ತುಕೊಂಡಿದ್ದ. ಸಿರ್ದಾಬಿನ ದೀಪಗಳು ಕಾರು ಬಂದಾಗ ತಾವಾಗಿ ಹೊತ್ತುವ ಜಾತಿಯವು. ಬೆಳಿಗ್ಗೆ ಜನ ಆಫೀಸಿಗೆ ಹೊರಟಾಗ ದೀಪ, ಸಂಜೆ ಬಂದಾಗ ದೀಪ. ಆ ಬೆಳಕು ಟೇಪಿನ ಸಂದಿಯಿಂದ ಒಳಗೆ. ಹೊಸ ಟೇಪು ಸುತ್ತಿ, ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದೆ. ಗಂಡ ಸಮಾಧಾನ ಹೇಳಿದರು: "ಹೋಗಲಿ ಬಿಡು, ನಮ್ಮ ಬಿಲ್ಡಿಂಗಿನಲ್ಲಿ ಯಾರು ಆಫೀಸಿಗೆ ಲೇಟ್ ಅಂತ ಗೊತ್ತಾಯಿತಲ್ಲ."

೬. ಮಗಳ ಉತ್ತರ

ಮಗಳಿಗೆ ಕೊಂಕಣಿ, ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಒಂದು ದಿನ ನಾನು ಡ್ಯೂಟಿಯಲ್ಲಿದ್ದಾಗ ಅವಳ ಟೀಚರ್ ಫೋನ್ ಮಾಡಿದರು. ದನಿಯಲ್ಲಿ ತುಂಬ ಮರುಕ.

"ಮೇಡಂ, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ? 'ನಿನ್ನ ಅಮ್ಮ ಏನು ಮಾಡುತ್ತಾರೆ' ಅಂತ ಕ್ಲಾಸಿನಲ್ಲಿ ಮಗಳನ್ನು ಕೇಳಿದೆ. ಬಾರದವರಿಗಾಗಿ ದಿನಾ ಕಾಯುತ್ತಾ ಕೂತಿರುತ್ತಾರೆ ಅಂದಳು."

ಸಂಜೆ ಮಗಳನ್ನು ಹಿಡಿದು ಕೂರಿಸಿದೆ. "ಹಾಗೆ ಹೇಳುವುದಾ? ಅವು ಬರುತ್ತವೆ ಪುಟ್ಟಾ. ಕೋಟಿಗಟ್ಟಲೆ ಬರುತ್ತವೆ. ನಿಲ್ಲದೆ ಹಾದು ಹೋಗುತ್ತವೆ, ಅಷ್ಟೆ."

"ಓಕೆ ಮಮ್ಮಾ, ಐ ವಿಲ್ ಟೆಲ್ ಹರ್," ಎಂದಳು.

ಮರುದಿನ ಟೀಚರ್ ಮತ್ತೆ ಫೋನ್ ಮಾಡಿದರು. "ಮೇಡಂ, ಬರುತ್ತಾರಂತೆ, ಆದರೆ ನಿಮ್ಮ ಹತ್ತಿರ ನಿಲ್ಲದೆ ಹೋಗುತ್ತಾರಂತೆ. ನನಗೆ ಒಳ್ಳೆಯ ಕೌನ್ಸೆಲರ್ ಒಬ್ಬರು ಗೊತ್ತು. ನಂಬರ್ ಕಳಿಸಲಾ?"

೭. ನೆಲದಡಿಗೆ ಹೋಗುವ ರಜೆ

ಕೊನೆಗೊಂದು ವರ್ಷ ಗೈಡ್ ಖಡಾಖಂಡಿತವಾಗಿ ಹೇಳಿದರು. "ಲ್ಯಾಪ್‌ಟಾಪಿನಲ್ಲಿ ನೋಡಿದ್ದು ಸಾಕು. ಆ ಬೆಟ್ಟಕ್ಕೆ ಹೋಗಿ, ಉಪಕರಣವನ್ನು ಸರಿಹೊಂದಿಸುವ ಕೆಲಸದಲ್ಲಿ ಕೈಜೋಡಿಸಿ ಬಾ. ಅದಿಲ್ಲದಿದ್ದರೆ ಕೊನೆಯ ಅಧ್ಯಾಯ ಇಲ್ಲ. ಅಧ್ಯಾಯ ಇಲ್ಲದಿದ್ದರೆ ಪದವಿ ಇಲ್ಲ. ನಿನ್ನ ರಿಜಿಸ್ಟ್ರೇಷನ್ ಈ ವರ್ಷ ಮುಗಿಯುತ್ತದೆ, ನೆನಪಿರಲಿ."

ಆಸ್ಪತ್ರೆಯಲ್ಲಿ ರಜೆ ಕೇಳಿದೆ. ಜನ ಇಲ್ಲ, ಆಗುವುದಿಲ್ಲ ಎಂದರು. ಮತ್ತೆ ಕೇಳಿದೆ, ಮತ್ತೆ ಇಲ್ಲ. ಇಷ್ಟು ವರ್ಷ ಓದಿ ಒಂದು ರಜೆಗೆ ಸೋಲುವುದೇ? ಸೀದಾ ವಿಭಾಗದ ಮುಖ್ಯಸ್ಥರ ಸೆಕ್ರೆಟರಿಯ ಎದುರು ಹೋಗಿ ಕೂತೆ. ಈಜಿಪ್ಟಿನ ಹೆಂಗಸು, ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನ ಅರಬಿ ಎಂದರೆ ರೋಗಿಗಳಿಗೆ "ಅಲ್ಲಾಡಬೇಡಿ, ಉಸಿರು ಹಿಡಿಯಿರಿ" ಎನ್ನುವಷ್ಟು. ಗೊತ್ತಿದ್ದ ಪದಗಳನ್ನೆಲ್ಲ ಒಟ್ಟುಮಾಡಿದೆ: ದೂರದ ದೇಶ, ನೆಲದ ಅಡಿ, ಹೋಗಲೇಬೇಕು, ಇದೇ ಕೊನೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು.

ಅವರ ಕಣ್ಣೂ ತುಂಬಿತು. ನನ್ನ ಕೈ ಹಿಡಿದು ದೇವರ ಹೆಸರಿನಲ್ಲಿ ಏನೋ ಹರಸಿದರು. ಅಂದೇ ರಜೆ ಮಂಜೂರು! ವಿಜ್ಞಾನದ ಮೇಲೆ ಎಂಥ ಗೌರವ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ.

ಬೆಟ್ಟದೊಳಗಿನ ಸುರಂಗದಲ್ಲಿ ಹೆಲ್ಮೆಟ್ ಹಾಕಿ ಇಳಿದೆ. ಇಷ್ಟು ವರ್ಷ ಅಂಕಿಗಳಾಗಿ ನೋಡಿದ ಆ ತೊಟ್ಟಿಯ ಉಕ್ಕಿನ ಗೋಡೆಯನ್ನು ಕೈಯಿಂದ ಮುಟ್ಟಿದೆ. ಪರದೆಯ ಮೇಲೆ ಸೂರ್ಯನದ್ದೇ ಇರಬೇಕು ಎನ್ನುವಂಥ ಒಂದು ಮಿಣುಕು ಮೂಡಿದಾಗ ಪಕ್ಕದವರು ಕಾಫಿ ಕುಡಿಯುತ್ತಿದ್ದರು, ನಾನು ಮಾತ್ರ ಕಣ್ಣೊರೆಸಿಕೊಂಡೆ. ಕೆಲಸ ಮುಗಿಸಿ ಬಂದೆ.

ಡ್ಯೂಟಿಗೆ ಹೋದ ಬೆಳಿಗ್ಗೆ ನಮ್ಮ ವಿಭಾಗದವರೆಲ್ಲ ಕಹಿ ಕಾಫಿ, ಖರ್ಜೂರ ಹಿಡಿದು ಕಾಯುತ್ತಿದ್ದರು. ಯಾರ ಮುಖದಲ್ಲೂ ನಗುವಿಲ್ಲ. ಮುಖ್ಯಸ್ಥರೇ ಎದ್ದು ಬಂದರು.

"ನೋಡಲು ಸಿಕ್ಕಿತಾ?" ಎಂದು ಮೆಲ್ಲಗೆ ಕೇಳಿದರು.

"ನೋಡಲು ಆಗುವುದಿಲ್ಲ ಸರ್. ಹಾದು ಹೋಗುವಾಗ ಒಂದು ಸಣ್ಣ ಬೆಳಕು, ಅಷ್ಟೆ. ನಾನು ಅದನ್ನು ನೋಡಿದೆ."

"ಬೆಳಕು!" ಎಂದು ಸೆಕ್ರೆಟರಿ ಎದೆಗೆ ಕೈಯಿಟ್ಟುಕೊಂಡು ಬಿಕ್ಕಿದರು. "ಎಂಥ ಪುಣ್ಯದ ಆತ್ಮ!"

ಮುಖ್ಯಸ್ಥರು ಗಂಭೀರವಾಗಿ ಕೇಳಿದರು, "ಹೆಸರೇನು?"

"ನ್ಯೂಟ್ರಿನೋ ಸರ್."

"ಇಟಾಲಿಯನ್ನರಾ?"

ಆಗ ಅನುಮಾನ ಬಂದು ರಜೆಯ ಹಾಳೆ ತರಿಸಿ ನೋಡಿದರೆ, ನನಗೆ ಸಿಕ್ಕಿದ್ದು ಹತ್ತಿರದವರು ತೀರಿಕೊಂಡಾಗ ಕೊಡುವ ರಜೆ. ನೆಲದ ಅಡಿಗೆ ಹೋಗಬೇಕು ಎಂದು ನಾನು ಅತ್ತದ್ದನ್ನು ಸೆಕ್ರೆಟರಿ, ಮಣ್ಣು ಮಾಡಲು ಹೋಗಬೇಕು ಎಂದು ತಿಳಿದಿದ್ದರು. ನಾನು ಮೊಬೈಲಿನಲ್ಲಿ ಸುರಂಗದ, ತೊಟ್ಟಿಯ ಫೋಟೋ ತೋರಿಸಿ ವಿವರಿಸಿದೆ. ಮುಖ್ಯಸ್ಥರು ಮೊದಲು ನನ್ನನ್ನು ದುರುಗುಟ್ಟಿ ನೋಡಿದರು, ಆಮೇಲೆ ಕುರ್ಚಿ ಹಿಡಿದುಕೊಂಡು ನಗಲು ಶುರುಮಾಡಿದರು.

"ಆ ದಿನಗಳನ್ನು ನಿನ್ನ ವಾರ್ಷಿಕ ರಜೆಯಿಂದ ಕಳೆಯುತ್ತೇನೆ," ಎಂದರು ಕಣ್ಣೊರೆಸಿಕೊಂಡು. "ಆದರೂ ಒಂದು ಮಾತು. ನೆಲದಡಿಗೆ ಹೋಗಿ ಮತ್ತೆ ಡ್ಯೂಟಿಗೆ ಬಂದವರು ನಮ್ಮ ಆಸ್ಪತ್ರೆಯಲ್ಲಿ ನೀನೊಬ್ಬಳೇ."

೮. ವೈವಾ

ಪ್ರಬಂಧ ಒಪ್ಪಿಸಿ ಆಯಿತು. ಉಳಿದದ್ದು ವೈವಾ, ಎಂದರೆ ಪರೀಕ್ಷಕರ ಎದುರು ಕೂತು ಸಂಶೋಧನೆಯನ್ನು ಸಮರ್ಥಿಸಿಕೊಳ್ಳುವುದು. ಕುವೈತಿನಿಂದಲೇ ಆನ್‌ಲೈನ್ ಮಾಡಬಹುದು ಎಂದು ವಿಶ್ವವಿದ್ಯಾಲಯ ಒಪ್ಪಿತು. ಹೊರಗಿನಿಂದ ಬರುವ ಹಿರಿಯ ಪರೀಕ್ಷಕರು ಭಾರೀ ಕಟ್ಟುನಿಟ್ಟು, ಎಷ್ಟೋ ಜನರನ್ನು ಅಳಿಸಿದ್ದಾರೆ ಎಂದು ಸುದ್ದಿ.

ನಾನು ಅಭ್ಯಾಸಕ್ಕೆ ಬಿದ್ದೆ. ವಾರಗಟ್ಟಲೆ, ಅಡುಗೆಮನೆಯಲ್ಲಿ, ಒಗ್ಗರಣೆ ಹಾಕುತ್ತ, ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಹೇಳುವುದು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಬ್ರಾಕೆಟ್ಟಿನಲ್ಲಿ ಬರೆದುಕೊಂಡದ್ದನ್ನೂ ಮರೆಯದಂತೆ ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದೆ. ಕೇಳಲು ಇದ್ದ ಸಭಿಕರು ಒಬ್ಬರೇ, ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುವ ನನ್ನ ಗಂಡ.

ವೈವಾ ದಿನ ಬೆಳಿಗ್ಗೆ ಮಗಳು ಶಾಲೆಗೆ, ಗಂಡ ಆಫೀಸಿಗೆ. ಮನೆಯವರೂ ಕೇಳಬಹುದು ಎಂದಿದ್ದರಿಂದ ಅವರು ಆಫೀಸಿನ ಸ್ಟೋರ್ ರೂಮಿನಲ್ಲಿ ಮೊಬೈಲ್ ಹಿಡಿದು ಕೂತಿದ್ದರು. ಊರಿನಲ್ಲಿ ಗೈಡ್ ನನ್ನ ಸ್ಲೈಡುಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು, ಎದುರಿಗೆ ಪರೀಕ್ಷಕರು. ನಾನು ಮಾತಾಡುತ್ತಿದ್ದೆ. ಚೆನ್ನಾಗಿಯೇ ಹೋಗುತ್ತಿತ್ತು. ಮುಖ್ಯವಾದ ಗ್ರಾಫ್ ಬಂತು. "ಈ ಚಿತ್ರದಲ್ಲಿ ಕಾಣುವಂತೆ," ಎಂದೆ. ಅಷ್ಟೆ. ಇಂಟರ್‌ನೆಟ್ ಸತ್ತಿತು.

ರೂಟರಿಗೆ ಹೊಡೆದೆ. ವೈರು ಕಿತ್ತೆ, ಸಿಕ್ಕಿಸಿದೆ. ಮೊಬೈಲಿನಿಂದ ಜೋಡಿಸಲು ಹೋದರೆ ಅವಸರದಲ್ಲಿ ಪಾಸ್‌ವರ್ಡ್ ತಪ್ಪುತ್ತಿತ್ತು. ಇಷ್ಟು ವರ್ಷದ ಕೆಲಸ ಈ ಒಂದು ವೈರಿನಿಂದ ಹಾಳಾಗಲು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಮತ್ತೆ ಮತ್ತೆ ಒತ್ತಿದೆ.

ಆ ಹೊತ್ತಿನಲ್ಲಿ ಅಲ್ಲಿ ನಡೆದದ್ದನ್ನು ನಾನು ಆಮೇಲೆ ರೆಕಾರ್ಡಿಂಗಿನಲ್ಲಿ ನೋಡಿದೆ. ಪರೀಕ್ಷಕರು ಗಡಿಯಾರ ನೋಡುತ್ತಾರೆ. "ಇನ್ನೊಂದು ದಿನ ಇಟ್ಟುಕೊಳ್ಳೋಣವೇ?" ಎನ್ನುತ್ತಾರೆ. ಆಗ ಒಂದು ಹೊಸ ದನಿ: "ಸರ್, ಒಂದು ನಿಮಿಷ. ನಾನು ಅವಳ ಗಂಡ. ಅವಳು ಬರುವ ತನಕ ನಾನು ಮುಂದುವರಿಸುತ್ತೇನೆ."

ಯಾರೂ ಹೂಂ ಅನ್ನುವ ಮೊದಲೇ ನನ್ನದೇ ಧಾಟಿಯಲ್ಲಿ, ನನ್ನದೇ ಮಾತುಗಳಲ್ಲಿ ಅವರು ಶುರು ಮಾಡಿದ್ದರು.

"ಈ ಚಿತ್ರದಲ್ಲಿ ಕಾಣುವಂತೆ, ಕಪ್ಪು ಚುಕ್ಕೆಗಳು ನಾವು ಅಳೆದದ್ದು. ಕೆಂಪು ಗೆರೆ ಸಿದ್ಧಾಂತ ಹೇಳುವುದು. ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಇಲ್ಲಿ ಉಸಿರು ತೆಗೆದುಕೊಳ್ಳಬೇಕು." ಉಸಿರು ತೆಗೆದುಕೊಂಡರು. "ಕೊನೆಯ ಎರಡು ಚುಕ್ಕೆಗಳು ಮಾತ್ರ ಗೆರೆಯಿಂದ ದೂರ ಇವೆ. ಅದರ ಬಗ್ಗೆ ಅವರಾಗಿ ಕೇಳುವ ತನಕ ನಾವಾಗಿ ಬಾಯಿ ಬಿಡಬಾರದು. ಈಗ ಹೊರಗಿನ ಪರೀಕ್ಷಕರ ಮುಖ ನೋಡಬೇಕು. ಹುಬ್ಬು ಗಂಟಿಕ್ಕಿದ್ದರೆ ಬೇಗ ಮುಂದಿನ ಸ್ಲೈಡಿಗೆ ಓಡಬೇಕು."

ರೆಕಾರ್ಡಿಂಗಿನಲ್ಲಿ ನನ್ನ ಗೈಡ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಹಿರಿಯ ಪರೀಕ್ಷಕರು ಮುಂದಕ್ಕೆ ಬಾಗಿದರು. "ಆ ಎರಡು ಚುಕ್ಕೆ ಯಾಕೆ ದೂರ ಇವೆ?"

"ಅದು ಗೊತ್ತಿಲ್ಲ ಸರ್," ಎಂದರು ನನ್ನವರು ಪ್ರಾಮಾಣಿಕವಾಗಿ. "ಅಲ್ಲಿಗೆ ಬರುವಷ್ಟರಲ್ಲಿ ಯಾವಾಗಲೂ ಕುಕ್ಕರ್ ಸೀಟಿ ಹೊಡೆಯುತ್ತದೆ."

ಅಷ್ಟರಲ್ಲಿ ನಾನು ಮೊಬೈಲಿನಿಂದ ಒಳಗೆ ಬಂದೆ, ಏನೂ ಗೊತ್ತಿಲ್ಲದೆ, ಏದುಸಿರು ಬಿಡುತ್ತ. "ಕ್ಷಮಿಸಿ ಸರ್. ಎಲ್ಲಿದ್ದೆವು? ಮುಂದಿನ ಸ್ಲೈಡಿಗೆ ಹೋಗೋಣವೇ?"

"ಓಡಬೇಡಿ ಅಮ್ಮಾ," ಎಂದರು ಹಿರಿಯರು. ಕನ್ನಡಕ ತೆಗೆದು ಹಣೆಯನ್ನು ಕ್ಯಾಮೆರಾದ ಹತ್ತಿರ ತಂದರು. "ಸರಿಯಾಗಿ ನೋಡಿ. ಹುಬ್ಬು ಗಂಟಿಕ್ಕಿಲ್ಲ. ಆ ಎರಡು ಚುಕ್ಕೆಯ ವಿಷಯ ನಿಧಾನವಾಗಿ ಹೇಳಿ."

ಅವರಿಗೆ ಹೇಗೆ ಗೊತ್ತಾಯಿತು ಎಂದು ನನಗೆ ತಲೆ ಧಿಮ್ಮೆಂದಿತು. ಆದರೆ ಆ ಎರಡು ಚುಕ್ಕೆಗಳ ಜೊತೆ ನಾನು ಎಷ್ಟೋ ತಿಂಗಳು ಗುದ್ದಾಡಿದ್ದೆ. ಹೇಳಿದೆ. ಆ ಭಾಗದಲ್ಲಿ ಸಿಕ್ಕ ಮಿಣುಕುಗಳು ಎಷ್ಟು ಕಮ್ಮಿ, ದ್ರವದೊಳಗಿನ ಕಲ್ಮಶದಿಂದ ಬರುವ ಬೆಳಕು ಅದರಲ್ಲಿ ಎಷ್ಟು ಸೇರಿರಬಹುದು, ನನಗೆ ಗೊತ್ತಿರುವುದು ಎಲ್ಲಿಯ ತನಕ, ಗೊತ್ತಿಲ್ಲದ್ದು ಎಲ್ಲಿಂದ ಶುರು, ಎಲ್ಲ. ಅವರು ಬಿಡದೆ ಕೇಳಿದರು, ನಾನು ಬಿಡದೆ ಹೇಳಿದೆ. ಕೊನೆಗೆ ಅವರು ಪೆನ್ನು ಕೆಳಗಿಟ್ಟು, ಪಕ್ಕದವರನ್ನು ನೋಡಿ ತಲೆಯಾಡಿಸಿದರು.

"ಪದವಿಗೆ ಶಿಫಾರಸು ಮಾಡುತ್ತೇವೆ, ಡಾಕ್ಟರಮ್ಮಾ. ಪ್ರಬಂಧದಲ್ಲಿ ತಿದ್ದುವುದು ಏನೂ ಇಲ್ಲ. ಯಜಮಾನರಿಗೆ ಮಾತ್ರ ಒಂದು ಸೂಚನೆ. ಮುಂದೆ ಎಲ್ಲಾದರೂ ಭಾಷಣ ಒಪ್ಪಿಸುವಾಗ ಬ್ರಾಕೆಟ್ಟಿನ ಒಳಗಿರುವುದನ್ನು ಓದಬೇಡಿ."

ಸ್ಟೋರ್ ರೂಮಿನಿಂದ ನನ್ನವರ ದನಿ ಬಂತು.

"ಸರ್, ಯಾವುದು ಬ್ರಾಕೆಟ್ಟಿನ ಒಳಗೆ, ಯಾವುದು ಹೊರಗೆ ಅಂತ ಅವಳು ಇವತ್ತಿನ ತನಕ ನನಗೆ ಹೇಳಿಯೇ ಇಲ್ಲ!"